ನಾಗರತ್ನಾಳ ಕೌದಿಯ ಕಡೀ ತುಂಡು

ಕಡೀ ಬಸ್ಸಿಳಿದು ಸೂರ್ಯಕಾಂತ ಕಮಲಾಪುರದ ಬಾಳೀ ತ್ವಾಟದ ದಾರಿ ಹಿಡಿದು ಮನಿಗೆ ಹೊಂಟಿದ್ದ. ನಡುವ ಹಾಳುಬಾವಿ. ಅದರ ದಂಡಿಗೆ ಬರೂದಕ್ಕ ಕೇಳಿಸ್ತು... ಟಕ್. ಸರ್ರ್... ಟಕ್. ಸರ್ರ್...

ದಪ್ಪ ಬಟ್ಟಿಗೆ ಸೂಜಿ ಚುಚ್ಚಿ ದಾರ ಎಳೆಯೋ ಸಪ್ಪಳ. ಅವ ಅಲ್ಲೇ ನಿಂತ. ಆ ಸಪ್ಪಳ ಯಾರದಂತ ಅವನಿಗೆ ಗೊತ್ತಿತ್ತು.

ಸೂರ್ಯಕಾಂತ ನನ್ನ ಖಾಸಾ ಅಕ್ಕನ ಮಗ. ನಾ ಸಾಲೀ ಕಟ್ಟಿ ಹತ್ತಿದವ ಅಲ್ಲ, ಆದ್ರ ಅವನ ಧಂದೆ ನನಗ ತಿಳಿದಷ್ಟು ಅವನಿಗೂ ತಿಳಿದಿಲ್ಲ, ಕೇಳ್ರಿ. ಕಲಬುರಗಿ ಶಹಾಬಜಾರದ ಓಣ್ಯಾಗ ಅವನ ಅಂಗಡಿ. ಒಂದೇ ಸರ್ವರ್ ಡಬ್ಬಿ. ಅದರೊಳಗ ನಲವತ್ತು ಮಂದಿಗೆ ನಲವತ್ತು ಖೋಲಿ, ವೆಬ್‌ಸೈಟ್ ಅಂತಾರಲ್ಲ, ಅವು. ಬಾಗಲಕ್ಕೊಂದು ಹೆಸರು: ಮೊದಲು ಮನುಷ್ಯಾಂದು, ಒಂದು ಚುಕ್ಕಿ, ಆಮ್ಯಾಲ ಅಂಗಡೀದು. ಸಬ್‌ಡೊಮೇನ್ ಅಂತಾರ. ಫೋನಿನ್ಯಾಗ ಯಾರ ಹೆಸರು ಹೊಡದ್ರ ಅವರ ಖೋಲಿನೇ ತೆರೀಬೇಕು.

ಅದರಾಗೊಂದು ಕಮಲಾಪುರದ ನಾಗರತ್ನಾಳದು. ಕೌದಿ ಹೊಲಿಯಾಕಿ. ಕೌದಿ ಯಾರು ಹೊದ್ಕೋತಾರೋ ಅವರ ಹಳೇ ಬಟ್ಟೀದೊಂದು ತುಂಡು ತರಿಸ್ಕೊಂಡು, ಕಡೀಗೆ ಮೂಲ್ಯಾಗ ಹಚ್ಚಾಕಿ. ಅದಿಲ್ದ ಕೌದಿ ಮುಗೀತು ಅಂತ ಅನ್ನಾಕಿನೇ ಅಲ್ಲ. ಪುಣೆ, ಹೈದರಾಬಾದಿನ ಮಂದಿ ಆಕಿ ಖೋಲ್ಯಾಗಿನ ಫೋಟೋ ನೋಡಿ ಬಾಯಿ ಬಿಡ್ತಿದ್ರು. ಸೂರ್ಯಕಾಂತನ ಕಣ್ಣು ಬಿತ್ತು. ಆಕಿ ಬಾಗಲಕ್ಕ ಬಂದವರೆಲ್ಲ ತನ್ನ ಹೆಂಡ್ತಿ ಸುಮಂಗಲಾಳ ಖೋಲಿಗೆ ಹೋಗೂಹಂಗ ತಿರುವಿಬಿಟ್ಟ. ಕೌದಿ ಅವೇ... ಹೆಸರು ಸುಮಂಗಲಾಳದು.

ನಾಗರತ್ನಾ ಅಂಗಡಿಗೆ ಬಂದು ನಿಂತ್ಲು.

“ತಮ್ಮಾ, ನನ್ನ ಹೆಸರು ಹೊಡದ್ರ ನಿನ್ನ ಹೆಂಡ್ತಿ ಮಾರಿ ಬರ್ತದಲ್ಲೋ!”

“ಮಷೀನಿಂದು ತಪ್ಪು ಅಕ್ಕಾ. ನಾಳಿ ಸರಿ ಮಾಡ್ತೀನಿ.”

“ಆರು ತಿಂಗಳಿಂದ ಇದನ್ನೇ ಅಂತಿ, ನಿನ್ನ ನಾಳೀಗೆ ಬೆಂಕಿ ಹತ್ತಲಿ!”

ಆ ನಾಳಿ ಬರಲಿಲ್ಲ. ಕಾಮಣಿ ಬ್ಯಾನಿ ಆಗಿ ಆಕಿನೇ ಸತ್ತು ಹೋದ್ಲು.

ಈಗ ಬಾವೀ ದಂಡ್ಯಾಗ ಸಪ್ಪಳ ನಿಂತಿತು...

“ಸೂರ್ಯಾ...” ಕಿವೀ ಹಂತ್ಯಾಕ ಪಿಸುಮಾತು. “ನನ್ನ ಹೆಸರು ನನಗ ಕೊಡೋ.”

“ಕೊಡ್ತೀನಿ ಅಕ್ಕಾ... ನಾಳಿ ಕೊಡ್ತೀನಿ!”

“ನಾಳಿ?”

ನಕ್ಕಂಗಾತು. ಸೂರ್ಯಕಾಂತ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮುಂಜಾನಿ ಬಿಸಿಲು ಬಿದ್ದಕೂಡ್ಲೆ ಧೈರ್ಯ ಬಂತು. ಡಬ್ಬೀ ಮುಂದ ಕೂತ. ಹೆಸರು ತಿರುಗಿ ಕೊಟ್ನೋ? ಇಲ್ಲ. ಕೊಟ್ರ ಕೌದಿ ಯಾರವಂತ ಊರಿಗೇ ತಿಳಿತದ. ನಾಗರತ್ನಾ ಅನ್ನೋ ಹೆಸರನ್ನೇ ಬುಡಸಮೇತ ಅಳಿಸಿಬಿಟ್ಟ.

“ಬಾಗಲಾನೇ ಇಲ್ಲಂದಮ್ಯಾಲ ಎಲ್ಲಿಂದ ಬರ್ತೀ, ಬಾ!”

ಅಷ್ಟರಾಗ ಫೋನ್ ಬಡ್ಕೊಂತು. ನೆಹರು ಗಂಜಿನ ಬ್ಯಾಳಿ ವ್ಯಾಪಾರಿ ಅಣವೀರಪ್ಪ.

“ಏನ್ರೀ ಸೂರ್ಯಕಾಂತ, ನನ್ನ ಹೆಸರು ಹೊಡದ್ರ ತೊಗರಿಬ್ಯಾಳಿ ಬದ್ಲಿ ಕೌದಿ ಬರಾಕತ್ತದಲ್ರೀ! ಮಂದಿಗೆ ಬ್ಯಾಳಿ ಹೊದಿಸ್ಲೇನು?”

ಸೂರ್ಯಕಾಂತ ಸುಮಂಗಲಾಳ ಹೆಸರು ಹೊಡದ. ಕೌದಿ. ತನ್ನ ಹೆಸರು ಹೊಡದ. ಕೌದಿ. ಯಾವ ಬಾಗಲ ತಟ್ಟಿದ್ರೂ ಅದೊಂದೇ ಕೌದಿ, ಕೆಳಗ ನಾಗರತ್ನಾ ಅಂತ ಹೆಸರು. ಹಿಂದೆಂದೂ ನೋಡದ ಕೌದಿ... ಒಂದು ಮೂಲಿ ಖಾಲಿ.

ವಾಯರ್ ಕಿತ್ತ. ಡಬ್ಬೀ ದೀಪ ಆರಿತು. ಫೋನಿನ್ಯಾಗ ಕೌದಿ ಹಂಗೇ ಅದ.

ಆವಾಗ ಬೆನ್ನ ಹಿಂದ... ಕಚ್. ಕಚ್. ಕಚ್. ಕಚ್.

ತಿರುಗಿ ನೋಡಿದ. ಯಾರೂ ಇಲ್ಲ.

ನಮ್ಮ ಮನಿಗೆ ಓಡಿ ಬಂದ. “ಮಾವಾ... ಚಳಿ” ಅಂದ. ಹೊರಗ ಕಲಬುರಗಿ ಮೇ ತಿಂಗಳ ಬಿಸಿಲು, ಕಾಗಿ ಸೈತ ನೆಳ್ಳಿಗೆ ಕೂತಿದ್ವು. ಮೈಮ್ಯಾಲಿನ ಹಸಿರು ಚೌಕಡಿ ಅಂಗಿ ಬೆನ್ನಾಗ ಅಂಗೈಯಗಲ ತೂತು. ನಾಕೂ ಅಂಚು ನೆಟ್ಟಗ, ಕತ್ತರೀಲೆ ಕತ್ತರಿಸಿದಂಗ. ಫೋನ್ ತೆರೆದ್ವಿ. ಕೌದಿ ಖಾಲಿ ಮೂಲಿ ತುಂಬಿತ್ತು... ಹಸಿರು ಚೌಕಡಿ.

ಆ ಡಬ್ಬಿ ಗುಜರಿಗೆ ಹೋಗಿ ವರ್ಷಾತು. ನಾಗರತ್ನಾಳ ಖೋಲಿ ಇನ್ನೂ ತೆರೀತದ. ಸೂರ್ಯಕಾಂತ ಹಾಸಿಗಿ ಬಿಟ್ಟು ಏಳಂಗಿಲ್ಲ. “ಭಾರ ಆಗ್ಯದ, ಮ್ಯಾಲಿಂದು ತಗೀರಿ” ಅಂತ ಕೈಮುಗೀತಾನ. ಮೈಮ್ಯಾಲ ಏನೂ ಇರಂಗಿಲ್ಲ.

ಅಂಗಿ ನನ್ನ ಟ್ರಂಕಿನ್ಯಾಗ ಅದ. ಸುಳ್ಳನ್ನಾವ ಬರಲಿ, ತೂತಿನ್ಯಾಗ ಕೈ ಹಾಕಿ ನೋಡಲಿ.