ಫ್ಲಾಶ್ ಹಾಕಿದಾಗ ಅರವತ್ತು

ನಮ್ಮೂರಿನ ಮೂರು ತಲೆಮಾರಿನ ಮುಖಗಳನ್ನು ತಮ್ಮ ಡಾರ್ಕ್‌ರೂಮಿನಲ್ಲಿ ತೊಳೆದು ಬೆಳಕಿಗೆ ತಂದ, ಇಂದಿನ ಅಧ್ಯಕ್ಷರಾದ ಲ್ಯಾಬ್ ಯಜಮಾನರೇ, ವೇದಿಕೆಯ ಮೇಲಿರುವ ಮುಖ್ಯ ಅತಿಥಿಗಳೇ, ಛಾಯಾಗ್ರಾಹಕರ ಸಂಘದ ಪದಾಧಿಕಾರಿಗಳೇ, ಬಹುಮಾನಕ್ಕೆ ಕಾದು ಮೊದಲ ಸಾಲಿನಲ್ಲಿ ಕುಳಿತಿರುವ ಕಿರಿಯರೇ, ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯಲು ಅರ್ಧ ಗಂಟೆ ಮೊದಲೇ ಬಂದಿರುವ ಜಾಣ ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ‘ಹಳೆಯ ಫಿಲ್ಮ್ ಕ್ಯಾಮೆರಾದ ಬಳಕೆ ಮತ್ತು ಪಾಲನೆ’. ಕೊಟ್ಟಿರುವ ಸಮಯ ಇಪ್ಪತ್ತು ನಿಮಿಷ. ನನ್ನ ಮಾತು ಮುಗಿದ ಕೂಡಲೇ ಅಧ್ಯಕ್ಷರ ಹಸ್ತದಿಂದ ಬಹುಮಾನ ವಿತರಣೆ ಎಂದು ಕಾರ್ಯದರ್ಶಿಗಳು ಎರಡೆರಡು ಸಲ ಹೇಳಿದ್ದಾರೆ. ಗೊತ್ತು. ಬೆಳಗ್ಗೆಯಿಂದ ನನ್ನ ತಲೆಯಲ್ಲಿರುವುದು ಅದೊಂದೇ. ಕ್ಯಾಮೆರಾದೊಳಗಿನ ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಮೂವತ್ತಮೂರು ವರ್ಷ ಬಿಚ್ಚಿ ಬಿಗಿದ ರಿಪೇರಿಯವನು ನಾನು. ಇವತ್ತು ಈ ಒಂದು ಹಾಳೆ ಓದುವುದು ಅದಕ್ಕಿಂತ ಕಷ್ಟವಾಗಿದೆ. ನೀರು ಕುಡಿಯುತ್ತೇನೆ, ಕ್ಷಮಿಸಿ.

ಈ ಮೇಜಿನ ಮೇಲಿರುವುದು ನನ್ನದೇ ಹಳೆಯ ಫಿಲ್ಮ್ ಕ್ಯಾಮೆರಾ. ನನ್ನ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ತನಗೊಂದು ಚಪ್ಪಲಿಯನ್ನೂ ಕೊಳ್ಳದೆ ನನಗೆ ಕೊಡಿಸಿದ್ದು. ಆಗಲೇ ಅದು ಸೆಕೆಂಡ್ ಹ್ಯಾಂಡ್. ಈಗ ಅಕ್ಕನ ಮಗಳು ಇದರಲ್ಲೇ ಫೋಟೊ ತೆಗೆಯುತ್ತಾಳೆ. ಇವತ್ತಿನ ಮೊದಲ ಬಹುಮಾನ ಅವಳದೇ. ನಮ್ಮ ಅಮ್ಮನ ಹೊಲಿಗೆ ಯಂತ್ರ, ಕಿಟಕಿಯ ಬೆಳಕಿನಲ್ಲಿ. ಹೊರಗಿನ ಬೋರ್ಡಿನಲ್ಲಿ ಹಾಕಿದ್ದಾರೆ, ಎಲ್ಲರೂ ನೋಡಿರುತ್ತೀರಿ.

ಅಕ್ಕನೂ ಬಂದಿದ್ದಾಳೆ. ಮೂರನೆಯ ಸಾಲಿನ ಕೊನೆಯ ಕುರ್ಚಿ, ಬಾಗಿಲಿನ ಪಕ್ಕ. ಮಡಿಲಲ್ಲಿ ಚೀಲ ಇಟ್ಟುಕೊಂಡು, ಇನ್ನೇನು ಎದ್ದೇ ಎನ್ನುವ ಹಾಗೆ ಕುಳಿತಿದ್ದಾಳೆ.

ಇರಲಿ. ವಿಷಯಕ್ಕೆ ಬರುತ್ತೇನೆ.

ಮೊದಲನೆಯದಾಗಿ, ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲೇ ಬೀರುವಿನೊಳಗೆ ಕೂಡಿಡಬೇಡಿ. ತೇವ ಹಿಡಿದು ಲೆನ್ಸಿಗೆ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಔಷಧಿ ಬಾಟಲಿಗಳಲ್ಲಿ ತೇವ ಹೀರಲು ಹಾಕುತ್ತಾರಲ್ಲ, ಆ ಪೊಟ್ಟಣ ಎರಡು ಹಾಕಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ. ಹಿಂದಿನ ಬಾಗಿಲ ಅಂಚಿನ ಸ್ಪಂಜು ಹಳತಾದರೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ, ಅದನ್ನು ಬದಲಾಯಿಸಿ. ಒಳಗಿನ ಕನ್ನಡಿಯನ್ನು ಬೆರಳಲ್ಲಿ ಮುಟ್ಟಬೇಡಿ, ಪಂಚೆ ಚುಂಗಿನಿಂದಂತೂ ಒರೆಸಲೇಬೇಡಿ. ಹಾಗೆ ಒರೆಸಿದ ಒಬ್ಬ ಮಹನೀಯರು ಇದೇ ಸಭೆಯಲ್ಲಿದ್ದಾರೆ, ನಗುತ್ತಿದ್ದಾರೆ. ಆ ಕನ್ನಡಿ ನನ್ನ ಅಂಗಡಿಯಲ್ಲಿ ಹದಿನೈದು ದಿನ ಇತ್ತು.

ಫಿಲ್ಮ್ ಹಾಕಿ ಲಿವರ್ ಎಳೆದಾಗ ಎಡಗಡೆಯ ಗುಬುಟು ತಿರುಗುತ್ತದೆಯೋ ಇಲ್ಲವೋ ನೋಡಿ. ತಿರುಗದಿದ್ದರೆ ಒಳಗೆ ಫಿಲ್ಮ್ ಓಡುತ್ತಿಲ್ಲ. ಮೂವತ್ತಾರು ಸಲ ಕ್ಲಿಕ್ ಎನಿಸಿದರೂ ಒಂದು ಚಿತ್ರವೂ ಬರುವುದಿಲ್ಲ. ಇದು ಎಲ್ಲರೂ ಮಾಡುವ ತಪ್ಪು. ಎಲ್ಲರೂ ಮಾಡುವ ತಪ್ಪನ್ನು ಹೇಳಿಕೊಳ್ಳುವುದು ಸುಲಭ, ಅಲ್ಲವೇ?

ಇನ್ನೊಂದಿದೆ. ಅದನ್ನು ಹಾಳೆಯಲ್ಲಿ ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ.

ಫ್ಲಾಶ್. ಇದರ ಶಟರ್ ಎಂದರೆ ಬಟ್ಟೆಯ ಎರಡು ಪರದೆಗಳು. ಒಂದು ಸರಿದು ತೆರೆಯುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ. ಫ್ಲಾಶ್ ಹಾಕಿದಾಗ ವೇಗದ ಡಯಲ್ ಅರವತ್ತರಲ್ಲಿ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ, ಇರಬೇಕು. ಆಗ ಮಾತ್ರ ಫ್ಲಾಶ್ ಮಿಂಚುವ ಗಳಿಗೆಯಲ್ಲಿ ಕಿಟಕಿ ಪೂರ್ತಿ ತೆರೆದಿರುತ್ತದೆ. ನೂರ ಇಪ್ಪತ್ತೈದಕ್ಕೆ ಇಟ್ಟಿರೋ, ಎರಡನೆಯ ಪರದೆ ಅಷ್ಟರಲ್ಲೇ ಅರ್ಧ ದಾರಿ ಬಂದಿರುತ್ತದೆ. ಅದರ ಹಿಂದಿನವರೆಲ್ಲ ಕತ್ತಲೆ. ತೆಗೆಯುವವನಿಗೆ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಕಿಂಡಿಯಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ.

ಕಾರ್ಯದರ್ಶಿಗಳೇ, ಗಡಿಯಾರ ತೋರಿಸಬೇಡಿ. ಇವತ್ತು ಬಿಟ್ಟರೆ ನಾನು ಇನ್ನು ಹೇಳುವುದಿಲ್ಲ.

ಬೆಳಗ್ಗೆ ಅಕ್ಕ ಫೋನ್ ಮಾಡಿದ್ದಳು. “ಬಹುಮಾನ ಯಾರು ಕೊಡ್ತಾರೋ?” ಅಂದಳು. ಹೇಳಿದೆ. ಅಷ್ಟಕ್ಕೇ, “ಆ ಲ್ಯಾಬಿನವನ ಕೈಯಿಂದ ನನ್ನ ಮಗಳು ಏನೂ ತಗೊಳ್ಳೋದು ಬೇಡ. ಅವನು ಕೊಡೋಕೆ ಎದ್ದ ತಕ್ಷಣ ಅವಳನ್ನ ಕರ್ಕೊಂಡು ಹೊರಟುಬಿಡ್ತೀನಿ, ನೋಡ್ತಿರು” ಅಂದಳು. ನಮ್ಮಕ್ಕ ಹೇಳಿದರೆ ಮುಗೀತು, ಮಾಡಿಯೇ ಮಾಡುತ್ತಾಳೆ. ಅಧ್ಯಕ್ಷರೇ, ನೀವು ಟ್ರೋಫಿ ಹಿಡಿದು ನಿಂತಿರುತ್ತೀರಿ, ಸಭೆಯೆಲ್ಲ ನೋಡುತ್ತಿರುತ್ತದೆ, ಹುಡುಗಿ ಬರುವುದಿಲ್ಲ. ಅದಕ್ಕೆ ಕಾರಣ ನೀವಲ್ಲ, ಸಾರ್. ನಾನು.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಅಕ್ಕನ ಮದುವೆ. ಇದೇ ಅಧ್ಯಕ್ಷರು ಮನೆಗೆ ಬಂದು, “ನಾನೇ ಬಂದು ತೆಗೀತೀನಮ್ಮ” ಅಂದಿದ್ದರು. ಅಕ್ಕ, “ಬೇಡ ಸಾರ್, ನನ್ನ ತಮ್ಮನೇ ತೆಗೀಲಿ” ಅಂದಳು. ನನಗೆ ಇಪ್ಪತ್ತೆರಡು ವರ್ಷ. ಕಾಲು ನೆಲದ ಮೇಲಿರಲಿಲ್ಲ. ಇವರು ಹೊರಡುವಾಗ ಬಾಗಿಲಲ್ಲಿ ನಿಂತು, “ಒಳಗೆ ಫ್ಲಾಶ್ ಹಾಕ್ದಾಗ ಅರವತ್ತು ಕಣಪ್ಪ, ಮರೀಬೇಡ” ಅಂದರು. ನಾನು ಏನು ಅಂದೆ? “ಗೊತ್ತು ಬಿಡಿ ಸಾರ್!” ಅಂದೆ.

ಮದುವೆಯ ದಿನ ಅಂಗಳದ ಬಿಸಿಲಿನಲ್ಲಿ ಎರಡು ಚಿತ್ರ ತೆಗೆದೆ, ನೂರ ಇಪ್ಪತ್ತೈದಕ್ಕೆ ಇಟ್ಟು. ಒಳಗೆ ಬಂದು ಫ್ಲಾಶ್ ಹಾಕಿದೆ. ಡಯಲ್ ಮುಟ್ಟಲಿಲ್ಲ. ಉಳಿದ ಮೂವತ್ತನಾಲ್ಕೂ ಹಾಗೆಯೇ.

ಸಭಿಕರೇ, ನಮ್ಮಮ್ಮ ಫೋಟೊಗೆ ನಿಂತವಳಲ್ಲ. ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದ ಹೆಂಗಸು, “ನನ್ನ ಮುಖ ಕಟ್ಕೊಂಡು ಏನ್ ಮಾಡ್ತೀರೋ” ಎಂದು ಒಳಗೆ ಓಡುತ್ತಿದ್ದಳು. ಅವತ್ತು ಅಕ್ಕ ಗೋಗರೆದು ನಿಲ್ಲಿಸಿದ್ದಳು. ಅಮ್ಮ ಅಕ್ಕನ ಬಲಕ್ಕೆ ನಿಂತಳು. ನನಗೆ “ಬೇಗ ಹೊಡಿಯೋ, ನಗು ಬರ್ತಿದೆ” ಅಂದಳು. ಪ್ರತಿ ಚಿತ್ರದಲ್ಲೂ ಅಕ್ಕನ ಬಲಗಡೆಯೇ ಕತ್ತಲೆ.

ರೋಲನ್ನು ಇವರ ಲ್ಯಾಬಿಗೇ ಕೊಟ್ಟಿದ್ದೆ. ಮೂರನೆಯ ದಿನ ಹೋದಾಗ ಇವರು ನೆಗೆಟಿವನ್ನು ದೀಪಕ್ಕೆ ಹಿಡಿದು ತೋರಿಸಿದರು. ಇಲ್ಲಿರುವ ಹಿರಿಯರಿಗೆ ಗೊತ್ತು, ತೊಳೆಯುವ ಡಬ್ಬಿಯಲ್ಲಿ ದ್ರಾವಣ ಕಡಿಮೆಯಾದರೆ ಕಲೆ ಫಿಲ್ಮಿನ ಅಂಚಿನುದ್ದಕ್ಕೂ ಗೆರೆಯಾಗಿ ಓಡುತ್ತದೆ. ಪರದೆ ಅಡ್ಡ ಬಂದರೆ ಒಂದೊಂದು ಚಿತ್ರವನ್ನೂ ಮೇಲಿಂದ ಕೆಳಕ್ಕೆ ಕತ್ತರಿಸುತ್ತದೆ. ನನ್ನ ರೋಲಿನಲ್ಲಿ ಕತ್ತರಿಸಿತ್ತು, ತಪ್ಪು ನನ್ನದೇ. ಇವರು ಕೇಳಿದ್ದು ಒಂದೇ ಮಾತು: “ಅಕ್ಕನಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ ಸಾರ್” ಅಂದೆ.

ಮನೆಗೆ ಬಂದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು, “ಬಂತಾ? ಅಮ್ಮ ಹೇಗೆ ಬಂದಿದ್ದಾಳೋ?” ಎಂದು ಕೈ ಚಾಚಿದಳು. ನನ್ನ ಬಾಯಿಂದ ಹೊರಟಿದ್ದು, “ಲ್ಯಾಬಿನಲ್ಲಿ ಕೆಡಿಸಿಬಿಟ್ರು ಅಕ್ಕ.”

ಅಕ್ಕ ಸುಮ್ಮನಿರುವವಳೇ? ನನ್ನನ್ನೂ ಎಳೆದುಕೊಂಡು ಲ್ಯಾಬಿಗೆ ಹೋದಳು. ಗಿರಾಕಿಗಳ ಎದುರಿಗೇ, “ಜನರ ಮನೆ ಮದುವೆ ನಿಮಗೆ ಆಟ ಆಯ್ತಾ?” ಎಂದು ಬಾಯಿಗೆ ಬಂದಂತೆ ಬೈದಳು. ಇವರು ನನ್ನ ಕಡೆ ನೋಡಿದರು. ಒಂದೇ ಒಂದು ಸಲ. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಇವರು, “ತಪ್ಪಾಯ್ತಮ್ಮ” ಅಂದರು. ಸಾರ್, ಯಾಕೆ ಹಾಗಂದಿರಿ? ಇಷ್ಟು ವರ್ಷವಾದರೂ ಕೇಳಲು ನನಗೆ ಧೈರ್ಯ ಬಂದಿಲ್ಲ. ಅವನೇ ಹೇಳಲಿ ಎಂದು ಕಾದಿರಾ? ಆಮೇಲೆ ಆರು ತಿಂಗಳು ಮದುವೆ ರೋಲುಗಳು ನಿಮ್ಮಲ್ಲಿಗೆ ಬರುವುದು ನಿಂತಿತ್ತು ಎಂದು ಬೇರೆಯವರು ಹೇಳಿದರು. ನೀವು ಹೇಳಲಿಲ್ಲ. ಮರುವರ್ಷ ನನ್ನ ರಿಪೇರಿ ಅಂಗಡಿಗೆ ಮೊದಲ ಕ್ಯಾಮೆರಾ ಕಳಿಸಿದವರೂ ನೀವೇ.

ಅಮ್ಮ ಮತ್ತೆ ಫೋಟೊಗೆ ನಿಲ್ಲಲಿಲ್ಲ. “ಒಂದ್ಸಲ ನಿಂತಿದ್ದೆ, ಅದೂ ಕೆಟ್ಟೋಯ್ತು, ಬಿಡ್ರೋ” ಅಂದಳು. ಎರಡು ವರ್ಷಕ್ಕೆ ಹೋದಳು. ಅಕ್ಕನ ಮನೆಯ ಗೋಡೆಯ ಮೇಲೆ ಆ ರೋಲಿನದೇ ಒಂದು ಚಿತ್ರವಿದೆ. ಅಕ್ಕ ಇದ್ದಾಳೆ, ಭಾವ ಇದ್ದಾರೆ, ಅಕ್ಕನ ಹೆಗಲ ಮೇಲೆ ಒಂದು ಕೈ ಇದೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅಮ್ಮನದೆಂದು ನಮ್ಮ ಬಳಿ ಇರುವ ಚಿತ್ರ ಅಷ್ಟೇ. “ಇಷ್ಟು ಕ್ಯಾಮೆರಾ ರಿಪೇರಿ ಮಾಡ್ತೀರಿ, ನೀವೇ ಯಾಕೆ ಫೋಟೊ ತೆಗೆಯಲ್ಲ?” ಎಂದು ನೀವೆಲ್ಲ ಕೇಳುತ್ತೀರಲ್ಲ, ಇದಕ್ಕೇ. ಆ ರೋಲಿನ ನಂತರ ನಾನು ಒಂದು ಚಿತ್ರವನ್ನೂ ತೆಗೆದಿಲ್ಲ.

ಅಕ್ಕಾ, ಎದ್ದೆಯಾ? ಒಂದು ನಿಮಿಷ ಕೂತ್ಕೊಳ್ಳೇ. ಬೈಬೇಕು ಅಂದ್ರೆ ನನ್ನನ್ನ ಬೈಯಿ. ಮಗಳನ್ನ ಮಾತ್ರ ಕರ್ಕೊಂಡು ಹೋಗಬೇಡ. ಅವಳು ಪಾಪ, ಏನೂ ಅರಿಯದೆ ನಿನ್ನ ಮುಖ, ನನ್ನ ಮುಖ ನೋಡ್ತಿದ್ದಾಳೆ. ಅಕ್ಕಾ...

ಕ್ಷಮಿಸಿ ಸಭಿಕರೇ. ಅಕ್ಕ ಬಾಗಿಲ ಕಡೆಗೆ ಹೋಗುತ್ತಿಲ್ಲ. ದಯವಿಟ್ಟು ನಡುವಿನ ಕುರ್ಚಿಗಳನ್ನು ಸ್ವಲ್ಪ ಸರಿಸಿ, ದಾರಿ ಬಿಡಿ.

ಮೆಟ್ಟಿಲು ಹತ್ತಿದಳು. ನನ್ನ ಮುಖ ನೋಡುತ್ತಿಲ್ಲ. ಅಧ್ಯಕ್ಷರ ಮುಂದೆ ಕೈ ಮುಗಿದು ನಿಂತಿದ್ದಾಳೆ. ಅಧ್ಯಕ್ಷರೂ ಎದ್ದು ಕೈ ಮುಗಿದಿದ್ದಾರೆ. ಅಕ್ಕ ಈಗ ಮಗಳನ್ನು ಕರೆಯುತ್ತಿದ್ದಾಳೆ. ಬಾಮ್ಮ, ಬಾ, ಬಹುಮಾನ ತಗೋ. ಕಾರ್ಯದರ್ಶಿಗಳೇ, ಇನ್ನೂ ಸಮಯ ಆಗಿಲ್ಲ ಅನ್ನಬೇಡಿ, ಟ್ರೋಫಿ ಕೊಡಿ ಇತ್ತ.

ಚಪ್ಪಾಳೆ ಸಾಕು, ನನಗೆ ಮಾತು ಮುಗಿಸಲು ಬಿಡಿ. ಕೊನೆಯ ವಿನಂತಿ. ಈ ಗಳಿಗೆಯನ್ನು ನಾನೇ ಇದೇ ಕ್ಯಾಮೆರಾದಲ್ಲಿ ತೆಗೆಯಬೇಕೆಂದಿದ್ದೆ. ಹೊಸ ರೋಲು ಹಾಕಿದ್ದೇನೆ, ಫ್ಲಾಶ್ ಸಿಕ್ಕಿಸಿದ್ದೇನೆ, ಡಯಲನ್ನು ಬೆಳಗ್ಗೆಯಿಂದ ನಾಲ್ಕು ಸಲ ನೋಡಿದ್ದೇನೆ. ಅಕ್ಕಾ, ನೀನೂ ಒಂದ್ಸಲ ನೋಡಿಬಿಡು...

ಅಕ್ಕ ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಡಯಲ್ ನೋಡಲಿಲ್ಲ. ಅಧ್ಯಕ್ಷರ ಕೈಗೆ ಕೊಟ್ಟಳು. ಮಗಳನ್ನು ಎಡಕ್ಕೆ ಎಳೆದುಕೊಂಡಳು. ಈಗ ನನಗೆ ಬೆರಳಲ್ಲಿ ತನ್ನ ಬಲಗಡೆ ತೋರಿಸುತ್ತಿದ್ದಾಳೆ. ಅಮ್ಮ ನಿಂತಿದ್ದ ಕಡೆ.

ಬಂದೆ ಅಕ್ಕಾ, ಮೈಕ್ ಇಟ್ಟು ಬಂದೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಋಣಿ. ಸಾರ್, ಒಳಗೆ ಫ್ಲಾಶ್ ಹಾಕಿದಾಗ ಡಯಲ್... ಇಲ್ಲ, ನಿಮಗೆ ನಾನು ಹೇಳುವುದೇ? ನಿಮಗೂ ಸಭೆಗೂ ನಮಸ್ಕಾರ.