ಸೌರ ಫಲಕ ಕಳುವಾಗಿಲ್ಲ, ಬಾಬಾಸಾಬರು ಕಳ್ಳರಲ್ಲ

ಹೆಸರು: ಈರಬಸಪ್ಪ ತಂದೆ ಹೊಳೆಪ್ಪ ಮೊರಬದ. ವಯಸ್ಸು: 23. ಉದ್ಯೋಗ: ಮೊದಲು ಬ್ಯಾಟರಿ ಚಾರ್ಜಿಂಗ್ ಅಂಗಡಿಯಲ್ಲಿ ಕೆಲಸ, ಈಗ ಸೌರ ದೀಪದ ಪ್ರಚಾರ. ಕಾಯಂ ವಿಳಾಸ: ಯರಗುಪ್ಪಿ, ಕುಂದಗೋಳ ತಾಲೂಕು. ಹಾಲಿ ವಸ್ತಿ: ನನ್ನ ಮೆಟಾಡೋರ್ ಗಾಡಿ, ಮಹಾದೇವಕ್ಕನವರ ಹೊಲದ ಕಣ, ತಂಬೂರ, ಕಲಘಟಗಿ ತಾಲೂಕು.

ಈ ಹೇಳಿಕೆಯಿಂದ ಠಾಣೆಗೆ ತಿಳಿಯಪಡಿಸುವುದೇನೆಂದರೆ, ಕದಿಯದ ಮನುಷ್ಯನೊಬ್ಬನನ್ನು ನಾನು ಕಳ್ಳನೆಂದು ಬರೆಸಿಕೊಟ್ಟಿದ್ದೇನೆ. ನಿನ್ನೆ ಸಂಜೆ 5-15ಕ್ಕೆ ಕೊಟ್ಟ ನನ್ನ ದೂರು ತಪ್ಪು. ಆ ದೂರಿನ ಮೇಲೆ ತಂಬೂರಿನ ಕಲಾಯಿ ಕೆಲಸದ ಬಾಬಾಸಾಬ, ವಯಸ್ಸು 52, ಇವರನ್ನು ನಿನ್ನೆ 7-30ರಿಂದ ಇದೇ ಠಾಣೆಯ ಹಲಗೆಯ ಮೇಲೆ ಕೂಡಿಸಲಾಗಿದೆ. ನಾನು ಇದನ್ನು ಬರೆಸುವಾಗಲೂ ಅವರು ಎಂಟು ಅಡಿ ದೂರದಲ್ಲಿ ಕೂತಿದ್ದಾರೆ.

ನನ್ನ ಗಾಡಿ ಹಳೆಯದು. ಹಿಂದಿನ ಸೀಟು ತೆಗೆದು ಹಲಗೆಯ ಮಂಚ, ನೀರಿನ ಕೊಡ, ಪುಸ್ತಕದ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಚಾವಣಿಯ ಮೇಲೆ ನಾಲ್ಕು ಬೋಲ್ಟಿನಿಂದ ಬಿಗಿದ 33 ವ್ಯಾಟಿನ ಸೌರ ಫಲಕವಿದೆ. ಚೌಕಟ್ಟು ಸೊಟ್ಟಾಗಿದ್ದರಿಂದ ಒಂದು ಪ್ರದರ್ಶನದಲ್ಲಿ ಅಗ್ಗಕ್ಕೆ ಸಿಕ್ಕಿತು. ಹಗಲಿನ ಬಿಸಿಲಿಗೆ ಲಾರಿಯ ಹಳೆ ಬ್ಯಾಟರಿ ತುಂಬುತ್ತದೆ. ಸಂಜೆ ಎಂಟು ವ್ಯಾಟಿನ ಟ್ಯೂಬು ಮೂರು ತಾಸು, ರೇಡಿಯೋ ಒಂದು ತಾಸು ನಡೆಯುತ್ತವೆ. ಕಂಬ, ತಂತಿ, ಮೀಟರು, ಅರ್ಜಿ ಯಾವುದೂ ಬೇಡ. ಬಡವನೂ ಹೀಗೆ ಯಾರ ಕಾಲೂ ಹಿಡಿಯದೆ, ಬೇಕಾದಲ್ಲಿ ಬೆಳಕಿನೊಂದಿಗೆ ವಸ್ತಿ ಮಾಡಬಹುದೆಂದು ತೋರಿಸಲು ಹನ್ನೊಂದು ಹಳ್ಳಿ ತಿರುಗಿದ್ದೇನೆ. ಈ ಮಾತು ಪ್ರಕರಣಕ್ಕೆ ಬೇಕಿಲ್ಲವೆಂದು ಹವಾಲ್ದಾರರು ಹೇಳಿದರು. ಬೇಕೆಂದು ನಾನು ಹಟ ಹಿಡಿದಿದ್ದರಿಂದ ಬರೆದುಕೊಂಡಿದ್ದಾರೆ.

ದಿನಾಂಕ 15-11-1986, ಶನಿವಾರ ಸಂಜೆ 4ಕ್ಕೆ ತಂಬೂರಿಗೆ ಬಂದು ಮಹಾದೇವಕ್ಕನವರ ಕಣದಲ್ಲಿ ಗಾಡಿ ನಿಲ್ಲಿಸಿದೆನು. ಇವರು ವಿಧವೆ, ವಯಸ್ಸು ಸುಮಾರು 65. ಮನೆ ಗಾಡಿಯಿಂದ 140 ಹೆಜ್ಜೆ. "ಏ ತಮ್ಮಾ, ಹುಣಸಿಮರದ ನೆಳ್ಳಿಗೆ ಹಚ್ಚಬಾರದೇನೋ ಗಾಡಿ? ಒಳಗ ಬೆಂದು ಹೊಕ್ಕೀ" ಎಂದರು. ಫಲಕಕ್ಕೆ ಬಿಸಿಲು ಬೇಕೇಬೇಕು, ಅದೇ ಈ ಗಾಡಿಯ ಎತ್ತು ಎಂದು ನಾನು ತಿಳಿಸಿದೆನು. ಹಾಗಾದರೆ ಇದು ಒಂಟೆತ್ತಿನ ಬಂಡಿ ಎಂದು ನಕ್ಕು, ಆ ಎತ್ತಿಗೆ ಬಿಡುವು ಯಾವಾಗ ಎಂದು ಕೇಳಿದರು. ವಾರದ ಏಳು ದಿನವೂ ದುಡಿಯುತ್ತದೆ, ಒಂದು ದಿನವೂ ಬಿಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದೆನು. ಅವರು ನಗುವುದನ್ನು ನಿಲ್ಲಿಸಿ, ಮನೆಗೆ ಹೋಗಿ ಎರಡು ರೊಟ್ಟಿ, ಪುಂಡಿಪಲ್ಯೆ ತಂದುಕೊಟ್ಟರು.

ಅದೇ ದಿನ 6-30ಕ್ಕೆ ಟ್ಯೂಬು ಹಚ್ಚಿದಾಗ ಬಾಬಾಸಾಬರು ನೋಡಲು ಬಂದರು. "ಲೇ ತಮ್ಮಾ, ಊರಾಗಿನ ಕಂದೀಲ ಎಲ್ಲಾ ನನ್ನ ಕೈಯಾಗ ದುರಸ್ತಿ ಆಗತಾವು. ನನ್ನ ಹೊಟ್ಟಿ ಮ್ಯಾಲ ಟ್ಯೂಬ್ ಹಚ್ಚಾಕ ಬಂದೀ ಏನು?" ಎಂದರು. ಹೀಗೆ ಅನ್ನುತ್ತಲೇ ಸಡಿಲಾಗಿದ್ದ ತಂತಿಗೆ ಬೆಸುಗೆ ಹಾಕಿದರು. ಏನೂ ತೆಗೆದುಕೊಳ್ಳಲಿಲ್ಲ.

ದಿನಾಂಕ 17, ಸೋಮವಾರ ಬೆಳಿಗ್ಗೆ 9-30ಕ್ಕೆ ಬ್ಯಾಟರಿಗೆ ಹಾಕುವ ನೀರು ತರಲು ಬಸ್ಸಿನಲ್ಲಿ ಕಲಘಟಗಿಗೆ ಹೋದೆನು. 3-40ಕ್ಕೆ ಮರಳಿದಾಗ ಚಾವಣಿಯ ಮೇಲೆ ಫಲಕವಿರಲಿಲ್ಲ. ಬಿಚ್ಚಿದ ನಾಲ್ಕೂ ಬೋಲ್ಟನ್ನು ಎಣ್ಣೆ ಸವರಿ ನನ್ನ ಚಹಾದ ಬಟ್ಟಲಲ್ಲಿ ಇಡಲಾಗಿತ್ತು. ತಂತಿಯ ತುದಿಗಳಿಗೆ ಬಟ್ಟೆ ಸುತ್ತಲಾಗಿತ್ತು. ಕಳ್ಳನು ಹೀಗೆ ಮಾಡುವುದಿಲ್ಲವೆಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬಾಬಾಸಾಬರು ಗಾಡಿಯ ಮೇಲೆ ಹತ್ತಿದ್ದನ್ನು ನೋಡಿದ್ದಾಗಿ ಹೇಳಿದರು. ನಾನು ನೇರವಾಗಿ ಠಾಣೆಗೆ ಬಂದೆನು. ಸಂಶಯ ಯಾರ ಮೇಲೆ ಎಂದು ಕೇಳಿದಾಗ ಒಂದು ಕ್ಷಣವೂ ತಡೆಯದೆ ಅವರ ಹೆಸರು ಹೇಳಿದೆನು. ಊರಿನ ದೊಡ್ಡ ಮನೆಯವರು ಹತ್ತಿದ್ದರು ಎಂದು ಯಾರಾದರೂ ಹೇಳಿದ್ದರೆ, ಮೊದಲು ಅವರ ಬಾಗಿಲಿಗೆ ಹೋಗಿ ಕೇಳುತ್ತಿದ್ದೆನು. ಮನುಷ್ಯರೆಲ್ಲ ಒಂದೇ ಎಂಬ ಕರಪತ್ರವನ್ನು ಈ ತಾಲೂಕಿನಲ್ಲಿ ಹಂಚಿದವನು ನಾನೇ. ಇದನ್ನೂ ಬರೆದುಕೊಳ್ಳಬೇಕು.

ಬಾಬಾಸಾಬರನ್ನು ಕರೆತಂದು ಕೇಳಿದಾಗ "ಹೌದ್ರಿ, ನಾನಽ ಇಳಿಸೀನಿ" ಎಂದು ಒಪ್ಪಿದರು. ಎಲ್ಲಿದೆ ಎಂದರೆ, "ನಾಳಿ ಮುಂಜಾನೆ ಮತ್ತ ಮ್ಯಾಲ ಏರತೈತಿ, ಸುಮ್ಮನ ಇರ್ರಿ" ಎಂದಷ್ಟೇ ಹೇಳಿದರು. ಹವಾಲ್ದಾರರು ಇದನ್ನು ಚೇಷ್ಟೆಯೆಂದು ತಿಳಿದರು. ನಾನೂ ಹಾಗೆಯೇ ತಿಳಿದೆನು.

ಇಂದು ಮಂಗಳವಾರ ಬೆಳಿಗ್ಗೆ 8-20ಕ್ಕೆ ಮಹಾದೇವಕ್ಕನವರು ಕೌದಿಯಲ್ಲಿ ಸುತ್ತಿದ ಫಲಕವನ್ನು ತಲೆಯ ಮೇಲೆ ಹೊತ್ತು ಗಾಡಿಯ ಬಳಿ ಬಂದರು. "ತಗೋ, ಹೂಡು ನಿನ್ನ ಎತ್ತು. ಸೋಮವಾರ ದಿವಸ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ ನಾವು. ಏಳೂ ದಿನ ದುಡಸ್ತೀನಂತೀಯಲ್ಲ, ಕರುಳ ಐತೇನೋ ನಿನಗ?" ಎಂದರು. ತಮಗೆ ಬೋಲ್ಟು ಬಿಚ್ಚಲು ಬಾರದ್ದರಿಂದ ಬಾಬಾಸಾಬರನ್ನು ಕರೆದು ಇಳಿಸಿದ್ದಾಗಿಯೂ, ತಮ್ಮ ಎರಡು ಎತ್ತುಗಳ ನಡುವೆ ದನದ ಮನೆಯಲ್ಲಿ ಇಟ್ಟಿದ್ದಾಗಿಯೂ, ಸಂಜೆ ನನಗೆ ಹೇಳಲು ಬಂದಾಗ ನಾನು ಗಾಡಿಯಲ್ಲಿ ಇರಲಿಲ್ಲವೆಂದೂ ತಿಳಿಸಿದರು. ಗಾಜನ್ನು ತೊಳೆದು ಒರೆಸಲಾಗಿತ್ತು. ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಕೌದಿಯ ಮಡಿಕೆಯಲ್ಲಿ ಎತ್ತಿಗೆ ತಿನ್ನಿಸುವ ನಾಲ್ಕಾರು ಹತ್ತಿಕಾಳು ಇದ್ದವು.

ಬಾಬಾಸಾಬರು ಠಾಣೆಯಲ್ಲಿದ್ದಾರೆಂದು ನಾನು ಹೇಳಿದಾಗ ಮಹಾದೇವಕ್ಕನವರು ಅಲ್ಲಿಯೇ ಕುಳಿತುಬಿಟ್ಟರು. ಆಮೇಲೆ, "ಪೊಲೀಸರ ಮನಿ ಕಂಡಿತು, ಬಾಜೂಕಿನ ನನ್ನ ಮನಿ ಕಾಣಲಿಲ್ಲೇನೋ ನಿನಗ? ಅಷ್ಟ ಓದತೀ, ಒಂದ ಮಾತ ಕೇಳಾಕ ಬಾಯಿ ಇರಲಿಲ್ಲ?" ಎಂದರು. ನಾನು ಫಲಕವನ್ನು ಗಾಡಿಯೊಳಗಿಟ್ಟು ಹೊರಟೆನು.

8-50ಕ್ಕೆ ಠಾಣೆಗೆ ಬಂದು, ಯಾಕೆ ಹೇಳಲಿಲ್ಲವೆಂದು ಬಾಬಾಸಾಬರನ್ನು ಕೇಳಿದೆನು. ಆ ಮುದುಕಿಯ ಬಾಗಿಲಿಗೆ ಪೊಲೀಸರು ಬೂಟು ಹಾಕಿಕೊಂಡು ಹೋಗುವುದು ಬೇಡವೆನಿಸಿತು ಎಂದರು. ಆಮೇಲೆ, "ನಿನ್ನ ಗಾಜಿಗೆ ಗೀರು ಬಿದ್ದಿಲ್ಲಲಾ?" ಎಂದು ಕೇಳಿದರು. ಬಿದ್ದಿಲ್ಲ.

ವಸ್ತು ಸಿಕ್ಕಿರುವುದರಿಂದ ದೂರಿನ ಕಾಗದ ಹರಿದುಹಾಕಿ ಇಬ್ಬರೂ ಹೋಗಬಹುದೆಂದು ಹವಾಲ್ದಾರರು ಹೇಳುತ್ತಾರೆ. "ನಡೀಲೇ, ಹಸಿವಾಗೇತಿ, ಮನೀಗೆ ಹೋಗೂಣು" ಎಂದು ಬಾಬಾಸಾಬರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂದು ಬರುವಾಗ ಚಹಾದ ಅಂಗಡಿಯಲ್ಲಿ ಅವರನ್ನು ಕಳ್ಳನೆಂದು ಕರೆದದ್ದನ್ನು ನನ್ನ ಕಿವಿಯಿಂದ ಕೇಳಿದ್ದೇನೆ. ಕಲಾಯಿ ಹಾಕಲು ಕಳ್ಳನ ಕೈಗೆ ಯಾರೂ ತಮ್ಮ ಮನೆಯ ತಾಮ್ರದ ಕೊಡ ಕೊಡುವುದಿಲ್ಲ. ಆದ್ದರಿಂದ ಅವರನ್ನು ಈಗಲೇ ಬಿಡಬೇಕು, ಮತ್ತು ನನ್ನ ದೂರು ಸುಳ್ಳೆಂದು ದಾಖಲೆಯಲ್ಲಿ ನಿಲ್ಲಬೇಕು.

ಇಷ್ಟನ್ನೂ ನಾನೇ ಹೇಳಿ ಬರೆಸಿ, ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಸುಳ್ಳು ನಿನ್ನೆಯ ಕಾಗದದಲ್ಲಿದೆ.

ಸ್ಥಳ: ತಂಬೂರ ಹೊರಠಾಣೆ
ದಿನಾಂಕ: 18-11-1986, ಬೆಳಿಗ್ಗೆ 10-05
ಸಹಿ: ಈರಬಸಪ್ಪ ಹೊ. ಮೊರಬದ

ಸಹಿಯಾದ ಮೇಲೆ ನನ್ನ ಕೋರಿಕೆಯಂತೆ ಸೇರಿಸಿದ್ದು: ತಪ್ಪು ನನ್ನದೆಂದು ಊರಿನವರ ಎದುರು ನಿಂತು ಹೇಳುತ್ತೇನೆ. ಹವಾಲ್ದಾರರು ಸಮವಸ್ತ್ರದಲ್ಲಿ ಬರಬೇಕು. ಬಾಬಾಸಾಬರನ್ನು ಅವರು ಸಮವಸ್ತ್ರದಲ್ಲಿಯೇ ಕರೆದುಕೊಂಡು ಹೋದದ್ದನ್ನು ಜನ ನೋಡಿದ್ದಾರೆ. ಬಾಬಾಸಾಬರು ಕೂತು ಕಲಾಯಿ ಹಾಕುವ ಬೇವಿನಕಟ್ಟೆ, ಗುರುವಾರ, ನವೆಂಬರ್ 20, ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆ.