ಗುರುವಾರದ ಪೀರಿಯಡ್

ಆಂಟಾಪ್ ಹಿಲ್‌ನ ಬಸ್ ಸ್ಟಾಪಿನಲ್ಲಿ ಒಂದೇ ಹೈಸ್ಕೂಲಿನ ಇಬ್ಬರು ಟೀಚರುಗಳು ಸಾಲಿನಲ್ಲಿ ನಿಂತಿದ್ದರು. ಅವರ ಮಾತು ಹಿಂದಿದ್ದವರಿಗೆಲ್ಲ ಕೇಳುತ್ತಿತ್ತು. ಮೂವತ್ತೈದು ನಿಮಿಷದ ಪೀರಿಯಡುಗಳು ಹೋಗಿ ಎಂಬತ್ತು ನಿಮಿಷದವು ಬಂದು ಒಂದು ತಿಂಗಳಾಗಿತ್ತು. ಕನ್ನಡ ಕಲಿಸುವ ಶೈಲಾಗೆ ದಿನವೂ ಸಿಗುತ್ತಿದ್ದ ಹತ್ತನೇ ತರಗತಿ ಈಗ ವಾರಕ್ಕೆ ಎರಡೇ ಸಲ ಸಿಗುತ್ತಿತ್ತು.

“ಏನ ಸೇವಂತಿ, ನಿನ್ನ ಲ್ಯಾಬಿನ್ಯಾಗ ಬೆಲ್ ಆದ್ರೂ ಹುಡುಗ್ರು ಏಳೂದಿಲ್ಲಂತ?”

“ಪ್ರಯೋಗ ಅರ್ಧಕ್ಕೆ ಬಿಡ್ಲಿಕ್ಕೆ ಆಗ್ತದಾ ಶೈಲಕ್ಕ?”

“ನನ್ನ ಕ್ಲಾಸಿನ್ಯಾಗ ಅರ್ಧಕ್ಕ ಆಕಳಿಸ್ತಾವ.”

“ಉದ್ದ ಪೀರಿಯಡ್ ಬೇಕು ಅಂತ ಮೀಟಿಂಗಲ್ಲಿ ಮೊದಲು ಕೈ ಎತ್ತಿದ್ದು ನೀವೇ ಅಲ್ವಾ?”

“ಒಂದು ಕಥಿ ಪೂರ್ತಿ ಓದಬಹುದು ಅಂತ ಎತ್ತಿದ್ದೆ. ಓದಾಕತ್ತಿದ್ರ ಶ್ರಾವ್ಯಾ ನಿನ್ನ ಜೀರ್ಣಾಂಗದ ಚಿತ್ರಕ್ಕ ಬಣ್ಣ ತುಂಬಾಕತ್ತಿದ್ಲು.”

“ಅಯ್ಯೋ, ಅವಳಾ!”

“ಮೊದಲೆಲ್ಲ ದಿನಾ ಏನರ ಬರಕೊಂಡು ನನ್ನ ಹತ್ರ ಓಡಿ ಬರ್ತಿದ್ಲು.”

“ಈಗಲೂ ಬರೀತಾಳೆ ಅಕ್ಕ. ನಿನ್ನೆ ತೋರಿಸಿದ್ಳು. ಗ್ರಾಂಟ್ ರೋಡಲ್ಲಿ ಅವಳ ಅಪ್ಪನ ಹೋಟ್ಲು ಉಂಟಲ್ಲ, ಅದರ ಕತೆ.”

“ಕನ್ನಡದಾಗ?”

“ಹೌದು. ನಾಲ್ಕು ಪುಟ.”

“ನಿನಗ್ಯಾಕ ತೋರಿಸಿದ್ಲು?”

“ನಿಮ್ಮ ಮುಂದಿನ ಪೀರಿಯಡ್ ಗುರುವಾರ ಅಲ್ವಾ? ಅಲ್ಲಿವರೆಗೆ ಕಾಯ್ಲಿಕ್ಕೆ ಆಗ್ಲಿಲ್ಲಂತೆ.”



“ತಪ್ಪು ತಿದ್ದಿದಿಯೇನು?”

“ನನಗೆಲ್ಲಿ ಗೊತ್ತಾಗ್ತದೆ? ಚೆಂದ ಉಂಟು ಅಂದೆ. ಕುಣಿದಾಡಿದ್ಳು.”

“ಕುಣೀತಾಳ. ತಪ್ಪು ಭಾಳ ಇರ್ತಾವ ಅದರಾಗ.”

ಬಸ್ ಬಂತು. ಸೇವಂತಿ ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನ ಮೇಲೆ ಚೀಲವಿಟ್ಟು, “ಶೈಲಕ್ಕ, ಇಲ್ಲಿ!” ಎಂದು ಕರೆದಳು. ಶೈಲಾ ಕೇಳಿಸದವಳಂತೆ ಮುಂದಿನ ಬಾಗಿಲಿನವರೆಗೂ ನಡೆದು, ಕಂಬಿ ಹಿಡಿದು ನಿಂತಳು.